ಇಲ್ಲೇ ಬಂತು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸುಮಾರು 190 ಕಿಲೋಮೀಟರ್. ಬಸ್ಸಿನಲ್ಲಾದರೆ ಒಂದು ನಿದ್ದೆಯ ದಾರಿ. ಅದನ್ನೇ ನಾವು ಹನ್ನೊಂದು ಮಂದಿ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಹೊರಟೆವು. ಯಾಕೆ ಎಂದು ಮನೆಯಲ್ಲಿ ಕೇಳಿದ್ದರು. ನವಲಗುಂದ ದಾಟುವವರೆಗೂ ಅದಕ್ಕೆ ನನ್ನ ಬಳಿ ಉತ್ತರವಿತ್ತು.

ನವಲಗುಂದದ ಆಚೆಗೆ ನೆರಳು ಅಪರೂಪ. ಜೋಳ ಕೊಯ್ದು, ಕಡಲೆ ಕಿತ್ತು, ಎರೆಹೊಲಗಳೆಲ್ಲ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಒಂದು ಬಿರುಕಿಗೆ ಕೈ ಹಾಕಿ ನೋಡಿದೆ, ಮೊಣಕೈವರೆಗೆ ಇಳಿಯಿತು. ಅಲ್ಲೊಂದು ಇಲ್ಲೊಂದು ಕಣಿಕೆಯ ಬಣವೆ. ಎದುರುಗಾಳಿ ಬೇರೆ. ಒಬ್ಬ ಗಾಳಿಗೆ ಎದೆಯೊಡ್ಡಿ ಮುಂದೆ, ಅವನ ಬೆನ್ನಿನ ಮರೆಯಲ್ಲಿ ಉಳಿದವರು, ಎರಡು ಕಿಲೋಮೀಟರಿಗೊಮ್ಮೆ ಪಾಳಿ ಬದಲು ಎಂದು ಒಪ್ಪಂದವಾಗಿತ್ತು. ನಮ್ಮಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ ಪಾಳಿ ಬಂದಾಗಲೆಲ್ಲ ಬೂಟಿನ ಲೇಸು ಕಟ್ಟಿಕೊಳ್ಳಲು ಕೆಳಗಿಳಿಯುತ್ತಿದ್ದರು.

ಇಂಥ ದಾರಿಯಲ್ಲಿ ತಲೆಯೊಳಗೆ ಉಳಿಯುವುದು ಒಂದೇ ಪ್ರಶ್ನೆ: ಇನ್ನೆಷ್ಟು ದೂರ? ಕಿಲೋಮೀಟರ್ ಕಲ್ಲು ಹೇಳುತ್ತದೆ, ಮೊಬೈಲೂ ಹೇಳುತ್ತದೆ. ಆದರೆ ಅವು ಹೇಳುವುದು ನಿಜವಾದ್ದರಿಂದ ಯಾರಿಗೂ ಬೇಡ. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹೆಂಗಸನ್ನು ಕೇಳಿದೆವು.

“ನರಗುಂದ ಎಷ್ಟು ದೂರ ಅವ್ವಾ?”

“ಇಲ್ಲೇ ಬಂತು ನೋಡಪ್ಪ.”

ಅರ್ಧ ಗಂಟೆ ತುಳಿದ ಮೇಲೆ ಬೈಕಿನವನೊಬ್ಬ ಸಿಕ್ಕ. “ಇಲ್ಲೇ, ಹತ್ತು ನಿಮಿಷ” ಎಂದ. ಅವನ ಹತ್ತು ನಿಮಿಷ ನಮಗೆ ಮುಕ್ಕಾಲು ಗಂಟೆಯಾಯಿತು.

ನರಗುಂದದ ಗುಡ್ಡವೂ ಅವರ ಜೊತೆ ಸೇರಿಕೊಂಡಿತ್ತು. ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಗುಡ್ಡ ಅದು. ಮೇಲೊಂದು ಕೋಟೆ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಬಂಡೆದ್ದದ್ದು ಇಲ್ಲಿಯೇ. ದೂರದಿಂದ ಕಾಣುವುದು, ದೂರದವರನ್ನು ಕಾಣುವುದು ಕೋಟೆಗೆ ಒಳ್ಳೆಯದಿರಬಹುದು, ಸೈಕಲ್ಲಿನವನಿಗಲ್ಲ. ತಾಸುಗಟ್ಟಲೆ ತುಳಿದರೂ ಗುಡ್ಡ ಇದ್ದಲ್ಲೇ ಇತ್ತು. ಒಮ್ಮೆಯಂತೂ ಹಿಂದೆ ಸರಿದಂತೆಯೂ ಕಂಡಿತು.

ಅದನ್ನೂ ದಾಟಿದ ಮೇಲೆ ಬೇವಿನ ಮರದ ಬುಡದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜನನ್ನು ಕೊಣ್ಣೂರು ಎಷ್ಟು ದೂರವೆಂದು ಕೇಳಿದೆವು. ಅಜ್ಜ ನಮ್ಮ ಗೇರಿನ ಸೈಕಲ್ಲು, ಹೆಲ್ಮೆಟ್ಟು, ಅಂಗಿಯ ಮೇಲೆ ಬೆವರು ಒಣಗಿ ಮೂಡಿದ ಉಪ್ಪಿನ ಗೆರೆ, ಎಲ್ಲವನ್ನೂ ನಿಧಾನವಾಗಿ ನೋಡಿದ. “ನನಗಾದರೆ ಒಂದು ಹರದಾರಿ. ನಿಮಗೆ ಎರಡು.”

ಹರದಾರಿ ಎಂದರೆ ಸುಮಾರು ಮೂರು ಮೈಲಿ. ಇಡೀ ದಾರಿಯಲ್ಲಿ ಸರಿಯಾಗಿ ಲೆಕ್ಕ ಹೇಳಿದವನು ಅವನೊಬ್ಬನೇ.

ಕೊಣ್ಣೂರಿನಲ್ಲಿ ಮಲಪ್ರಭೆ ದಾಟಿ, ಕೆರೂರಿನಲ್ಲಿ ರಾತ್ರಿ ಕಳೆದೆವು. ಅಲ್ಲಿ ಮಾಡಿದ್ದು ನಿದ್ದೆಯೊಂದೇ.

ಮರುದಿನ ಕೃಷ್ಣೆಯ ಸೇತುವೆ, ಕೊಲ್ಹಾರ. ಕೊಲ್ಹಾರದ ಮೊಸರು ಈ ಕಡೆ ಮನೆಮಾತು. ಕುಡಿಕೆಯನ್ನು ಬೋರಲು ಹಾಕಿದರೂ ಬೀಳುವುದಿಲ್ಲ ಎನ್ನುತ್ತಾರೆ. ನಮ್ಮವನೊಬ್ಬ ಪರೀಕ್ಷಿಸಲೆಂದು ಬೋರಲು ಹಾಕಿಯೇಬಿಟ್ಟ. ಮೊಸರು ಬೀಳಲಿಲ್ಲ. ಮೊಸರಿನಾಕೆ ನಗಲೂ ಇಲ್ಲ. ಅವಳಿಗೆ ಅಂದಿಗೆ ಅವನು ಎಷ್ಟನೆಯವನೋ! ರೊಟ್ಟಿ, ಶೇಂಗಾ ಚಟ್ನಿ, ಆ ಮೊಸರು ಹೊಟ್ಟೆಗೆ ಬಿದ್ದ ಮೇಲೆ ವಿಜಯಪುರ ನನಗೂ ಇಲ್ಲೇ ಎನಿಸಿತು.

ಮುಂದೆ ಒಂದು ಏರಿನಲ್ಲಿ ಹಿಂದಿನಿಂದ ಚೈನಿನ ಸರಸರ ಸದ್ದು ಕೇಳಿತು. ವಿಜಯಪುರ, ಬಾಗಲಕೋಟೆ ಎಂದರೆ ಸೈಕಲ್ ಪಟುಗಳಿಗೆ ಹೆಸರಾದ ಸೀಮೆ. ಅಭ್ಯಾಸಕ್ಕೆ ಹೊರಟ ಏಳೆಂಟು ಹುಡುಗರು, ಹದಿನಾರು ಹದಿನೇಳರವರು, ಏದುಸಿರೂ ಇಲ್ಲದೆ ಪಕ್ಕಕ್ಕೆ ಬಂದರು.

“ಎಲ್ಲಿಂದ ಬಂದಿರಿ ಕಾಕಾ?”

“ಹುಬ್ಬಳ್ಳಿಯಿಂದ!” ಎರಡು ದಿನದ ಬೆವರನ್ನೆಲ್ಲ ಆ ಒಂದು ಮಾತಿಗೆ ಸುರಿದು ಹೇಳಿದೆ.

“ಓ, ಹುಬ್ಬಳ್ಳಿ! ಇಲ್ಲೇ ಅಲ್ಲವೇ?” ಎಂದು ಹುಡುಗ ಗೇರು ಬದಲಿಸಿ ಮುಂದೆ ಹೋದ.