ಅದು ಕಾಸಲ್ಲ, ಸೆಲ್ ಎಂದು ಅಕ್ಕ ಆವತ್ತೇ ಹೇಳಿದ್ದಳು

"ಏನೂ ಆಗಲ್ಲ, ಕಾಸು ನುಂಗಿದೆ ಅಷ್ಟೇ. ಬಾಳೆಹಣ್ಣು ತಿನ್ನಿಸಿ, ಬೆಳಿಗ್ಗೆ ಮೋಷನ್‌ನಲ್ಲಿ ಹೋಗುತ್ತೆ."

ಈ ಮಾತನ್ನು ಇನ್ನೊಮ್ಮೆ ಯಾವ ಡಾಕ್ಟರ ಬಾಯಲ್ಲಾದರೂ ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಈ ಒಂದು ಮಾತಿನಿಂದ ನಮ್ಮ ಅಕ್ಕನ ಮಗ ಇವತ್ತಿಗೂ ಗಟ್ಟಿ ಊಟ ನುಂಗಲಾರ. ಅವನಿಗಿನ್ನೂ ಎರಡು ವರ್ಷ. ದೋಸೆ ಕಂಡರೆ ಕೈ ಚಾಚುತ್ತಾನೆ, ಅಕ್ಕ ಗಂಜಿ ಲೋಟ ಹಿಡಿಯುತ್ತಾಳೆ. ಅವನು ಅಳುತ್ತಾನೆ, ಅವಳೂ ಅಳುತ್ತಾಳೆ.

ಆಗಿದ್ದು ಇಷ್ಟು. ದೀಪಾವಳಿಗೆ ಭಾವ ಬ್ಯಾಟರಿ ದೀಪ ತಂದಿದ್ದರು. ಪ್ಲಾಸ್ಟಿಕ್ ಹಣತೆ, ಒಳಗೆ ಹಳದಿ ಎಲ್‌ಇಡಿ, ಅಡಿಯಲ್ಲಿ ಒಂದು ಪುಟ್ಟ ಸ್ವಿಚ್. ಡಜನ್ ಲೆಕ್ಕದಲ್ಲಿ ಎಲ್ಲಾ ಊರಲ್ಲೂ ಸಿಗುತ್ತೆ. ಚಿಕ್ಕ ಮಗು ಇರುವ ಮನೆ, ಬೆಂಕಿ ಬೇಡ ಅಂತಲೇ ಅವರು ಅದನ್ನು ತಂದಿದ್ದು. ಆ ದೀಪದ ತಳದಲ್ಲಿ ಒಂದು ಮುಚ್ಚಳ ಇದೆ. ಸ್ಕ್ರೂ ಇಲ್ಲ. ಉಗುರು ಹಾಕಿ ಎತ್ತಿದರೆ ಬರುತ್ತೆ. ಕೆಳಗೆ ಬಿದ್ದರೂ ತಾನೇ ಕಳಚಿಕೊಳ್ಳುತ್ತೆ. ಅದರೊಳಗೆ ಇರುವುದು ಸಿಆರ್2032 ಎನ್ನುವ ಬಟನ್ ಸೆಲ್, ಅಂಗಿ ಗುಂಡಿಯ ಹಾಗೆ ದುಂಡಗೆ ಚಪ್ಪಟೆಯಾಗಿರುವ ಬ್ಯಾಟರಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಒಂದು ರೂಪಾಯಿ ನಾಣ್ಯದಷ್ಟೇ ಇರುತ್ತೆ. ಎರಡು ವರ್ಷದ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಅಳತೆ.

ಸಂಜೆ ಮಗು ಇದ್ದಕ್ಕಿದ್ದಂತೆ ಜೊಲ್ಲು ಸುರಿಸಲು ಶುರು ಮಾಡಿತು. ಹಾಲು ಕೊಟ್ಟರೆ ಬಾಯಿ ತಿರುಗಿಸಿತು. ಅಕ್ಕ ನೋಡಿದರೆ ಜಗಲಿ ಮೇಲೆ ಒಂದು ದೀಪ ಬಾಯಿ ಬಿಟ್ಟುಕೊಂಡು ಬಿದ್ದಿದೆ, ಮುಚ್ಚಳ ಒಂದು ಕಡೆ, ಸೆಲ್ ಎಲ್ಲೂ ಇಲ್ಲ. ಅವಳು ಒಂದು ನಿಮಿಷವೂ ತಡ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡು, ಆ ಖಾಲಿ ದೀಪವನ್ನೂ ಹಿಡಿದುಕೊಂಡು ಊರಿನ ನರ್ಸಿಂಗ್ ಹೋಮ್‌ಗೆ ಓಡಿದಳು. ಒಬ್ಬ ತಾಯಿ ಇನ್ನೇನು ಮಾಡಬೇಕಿತ್ತು ಹೇಳಿ?

ಎಕ್ಸ್‌ರೇ ತೆಗೆದರು. ಡ್ಯೂಟಿ ಡಾಕ್ಟರ್ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಕತ್ತಿನ ಕೆಳಗೆ, ಕಾಲರ್ ಮೂಳೆಯ ಹತ್ತಿರ ಬೆಳ್ಳಗೆ ಒಂದು ದುಂಡು. "ಕಾಸು" ಎಂದರು. ಅಕ್ಕ ದೀಪ ತೋರಿಸಿ "ಇಲ್ಲ ಸಾರ್, ಇದರ ಸೆಲ್ ಕಾಣ್ತಿಲ್ಲ, ಅದನ್ನೇ ನುಂಗಿರಬೇಕು" ಎಂದಳು. "ಯಾವುದಾದರೂ ಒಂದೇ ಅಮ್ಮಾ, ಗಾಬರಿ ಆಗಬೇಡಿ" ಎಂದು ಹೇಳಿ ಸಿರಪ್ ಬರೆದು ಕಳಿಸಿದರು.

ಒಂದೇ ಅಲ್ಲ. ನನ್ನ ಸಿಟ್ಟೆಲ್ಲಾ ಇರುವುದು ಇಲ್ಲೇ.

ಕಾಸು ಹೊಟ್ಟೆಗೆ ಇಳಿದಿದ್ದರೆ ಸಾಮಾನ್ಯವಾಗಿ ತಾನೇ ಹೊರಗೆ ಹೋಗುತ್ತೆ, ನಿಜ. ಅನ್ನನಾಳದಲ್ಲೇ ನಿಂತಿದ್ದರೂ, ಮಗು ಆರಾಮಾಗಿದ್ದರೆ, ಡಾಕ್ಟರ ಕಣ್ಣಳತೆಯಲ್ಲಿ ಸ್ವಲ್ಪ ಹೊತ್ತು ಕಾಯಬಹುದು. ಕಾಸು ಬರೀ ಲೋಹ. ಸೆಲ್ ಹಾಗಲ್ಲ. ಅದಕ್ಕೆ ಎರಡು ಮುಖ, ಒಂದು ಪ್ಲಸ್, ಒಂದು ಮೈನಸ್. ಅನ್ನನಾಳದ ಒದ್ದೆ ಗೋಡೆ ಎರಡು ಕಡೆಯಿಂದಲೂ ಅದನ್ನು ಒತ್ತಿ ಹಿಡಿಯುತ್ತೆ. ಕರೆಂಟ್ ಹರಿಯಲು ಅಷ್ಟೇ ಸಾಕು. ಹರಿದ ಕರೆಂಟ್ ಅಲ್ಲಿರುವ ನೀರಿನ ಅಂಶವನ್ನು ಒಡೆಯುತ್ತೆ, ಮೈನಸ್ ಕಡೆ ಕ್ಷಾರ ಕೂಡಿಕೊಳ್ಳುತ್ತೆ. ಕಟ್ಟಿಕೊಂಡ ಸಿಂಕ್ ಪೈಪ್ ಬಿಡಿಸಲು ಸುರಿಯುವ ಪುಡಿಯಲ್ಲಿರುವ ಕಾಸ್ಟಿಕ್ ಸೋಡಾ ಇದೆಯಲ್ಲ, ಅದೇ ಜಾತಿಯ ಕ್ಷಾರ. ಅದು ಮಾಂಸವನ್ನು ಕರಗಿಸುತ್ತೆ. ಎರಡೇ ಗಂಟೆಯಲ್ಲಿ ಆಳವಾದ ಸುಟ್ಟ ಗಾಯ ಆಗಬಹುದು. ಸೆಲ್ ಒಡೆದು ಸೋರಬೇಕಾಗಿಯೂ ಇಲ್ಲ. ದೀಪ ಉರಿಸಲು ಆಗದಷ್ಟು ಹಳೆಯ ಸೆಲ್‌ನಲ್ಲೂ ಗಂಟಲು ಸುಡುವಷ್ಟು ಕರೆಂಟ್ ಉಳಿದಿರುತ್ತೆ.

ಇದು ಹೊಸ ಸಂಶೋಧನೆ ಏನಲ್ಲ. ಮಕ್ಕಳ ಡಾಕ್ಟರುಗಳಿಗೆ ಎಷ್ಟೋ ವರ್ಷಗಳಿಂದ ಗೊತ್ತಿರುವ ವಿಷಯ. ಎಕ್ಸ್‌ರೇಯಲ್ಲಿ ಗುರುತು ಹಿಡಿಯುವುದೂ ಕಷ್ಟವಲ್ಲ. ಕಾಸು ಒಂದೇ ದುಂಡಾಗಿ ಕಾಣುತ್ತೆ. ಸೆಲ್‌ಗೆ ಅಂಚಿನ ಒಳಗೆ ಇನ್ನೊಂದು ದುಂಡನೆಯ ಗೆರೆ ಇರುತ್ತೆ, ಎರಡು ಉಂಗುರ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕಾಸಿನ ಅಂಚು ನೇರ, ಸೆಲ್‌ನ ಒಂದು ಮುಖ ಇನ್ನೊಂದಕ್ಕಿಂತ ಕಿರಿದು. ಆ ಕಿರಿದಾದ ಮುಖವೇ ಮೈನಸ್, ಅದು ಯಾವ ಕಡೆ ತಿರುಗಿದೆಯೋ ಆ ಕಡೆ ಜಾಸ್ತಿ ಸುಡುತ್ತೆ. ಮುಂದಕ್ಕೆ ತಿರುಗಿದ್ದರೆ ಶ್ವಾಸನಾಳ ಇದೆ. ಪಕ್ಕದ ಎಕ್ಸ್‌ರೇಯನ್ನು ನಮ್ಮ ಊರಲ್ಲಿ ತೆಗೆಯಲೇ ಇಲ್ಲ. ಮುಂದಿನಿಂದ ತೆಗೆದದ್ದರಲ್ಲೇ ಎರಡು ಉಂಗುರ ಸ್ಪಷ್ಟವಾಗಿತ್ತು. ನಾನು ಕಣ್ಣಾರೆ ನೋಡಿದ್ದೇನೆ, ಆ ಫಿಲ್ಮ್ ಈಗಲೂ ನಮ್ಮ ಹತ್ತಿರ ಇದೆ.

ಮನೆಗೆ ಬಂದ ಮೇಲೆ ಎಲ್ಲರೂ ಡಾಕ್ಟರ್ ಹೇಳಿದ ಹಾಗೆ ಮಾಡಿದರು. ಬಾಳೆಹಣ್ಣು ಕಿವುಚಿ ತಿನ್ನಿಸಿದರು. ಪಕ್ಕದ ಮನೆಯವರು ಬಂದು "ಮೆತ್ತಗೆ ಮುದ್ದೆ ತುತ್ತು ನುಂಗಿಸಿ, ಅದರ ಜೊತೆ ಇಳಿದುಬಿಡುತ್ತೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೀನಿನ ಮುಳ್ಳು ಸಿಕ್ಕಿಕೊಂಡಾಗ ಅವರ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಓದಿ, ಕೋಟು ಹಾಕಿಕೊಂಡು, ಫೀಸು ತೆಗೆದುಕೊಂಡವರು ಬಾಳೆಹಣ್ಣು ಎಂದಮೇಲೆ ಪಕ್ಕದ ಮನೆಯ ಅಜ್ಜಿ ಮುದ್ದೆ ಎಂದರೆ ಏನು ತಪ್ಪು?

ರಾತ್ರಿಯೆಲ್ಲಾ ಮಗು ನರಳಿತು. ತಿಂದಿದ್ದೆಲ್ಲಾ ವಾಂತಿ. ಬೆಳಗಿನ ಜಾವ ವಾಂತಿಯಲ್ಲಿ ಕಪ್ಪು ಕಪ್ಪಗೆ ಏನೋ ಬಂತು. ಆಗ ನನಗೆ ಫೋನ್ ಮಾಡಿದರು. ಕಾರು ತೆಗೆದುಕೊಂಡು ಹೋಗಿ ಎಲ್ಲರನ್ನೂ ತುಮಕೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಮಕ್ಕಳ ಡಾಕ್ಟರ್ ಅದೇ ಫಿಲ್ಮ್ ಕೈಗೆ ತೆಗೆದುಕೊಂಡರು. ಕೂತಿದ್ದವರು ಎದ್ದು ನಿಂತರು. "ಇದು ಯಾವಾಗ ತೆಗೆದದ್ದು?" ಎಂದರು. "ನಿನ್ನೆ ಸಂಜೆ" ಎಂದೆವು. ಆಮೇಲೆ ಅವರು ನಮ್ಮ ಹತ್ತಿರ ಮಾತಾಡಲಿಲ್ಲ, ನೇರ ಫೋನ್ ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಹೇಳಿ, ಆಂಬುಲೆನ್ಸ್ ಹತ್ತಿಸಿದರು. ಅದೇ ಫಿಲ್ಮ್, ಅದೇ ದುಂಡು. ಒಬ್ಬರು ಐದು ಸೆಕೆಂಡಿನಲ್ಲಿ ಗುರುತು ಹಿಡಿದರು. ಇನ್ನೊಬ್ಬರು ಪಕ್ಕದಲ್ಲಿ ಖಾಲಿ ದೀಪ ಇಟ್ಟು ತೋರಿಸಿದರೂ ನೋಡಲಿಲ್ಲ.

ಬೆಂಗಳೂರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ "ಮಗುವಿಗೆ ಏನಾದರೂ ತಿನ್ನಿಸಿದ್ದೀರಾ?" ಬಾಳೆಹಣ್ಣು ಎಂದಾಗ ಅವರ ಮುಖ ನೋಡಬೇಕಿತ್ತು. ಪ್ರಜ್ಞೆ ತಪ್ಪಿಸುವಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಂತೆ. ಸೆಲ್ ಅನ್ನನಾಳದಲ್ಲಿದ್ದರೆ ಹೊಟ್ಟೆ ಖಾಲಿಯಾಗಲಿ ಎಂದು ಕಾಯಲೂ ಆಗುವುದಿಲ್ಲ, ಆ ಅಪಾಯ ಹೊತ್ತುಕೊಂಡೇ ತೆಗೆಯಬೇಕು. ಅಂದರೆ ಆ ಬಾಳೆಹಣ್ಣಿನಿಂದ ಒಳ್ಳೆಯದಂತೂ ಆಗಲಿಲ್ಲ, ಅಪಾಯ ಇನ್ನಷ್ಟು ಹೆಚ್ಚಾಯಿತು.

ಎಂಡೋಸ್ಕೋಪಿಯಲ್ಲಿ ಸೆಲ್ ತೆಗೆದರು. ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನಮಗೆ ತೋರಿಸಿದರು. ಒಂದು ಮುಖದಲ್ಲಿ 3 ವೋಲ್ಟ್ ಎಂದು ಅಚ್ಚಾಗಿದ್ದುದು ಇನ್ನೂ ಓದಲು ಬರುತ್ತಿತ್ತು. ಇನ್ನೊಂದು ಮುಖ ಕರ್ರಗೆ ಸುಟ್ಟು, ಮೇಲೆ ಏನೋ ಅಂಟಿಕೊಂಡಿತ್ತು. ಅದು ನಮ್ಮ ಮಗುವಿನ ಗಂಟಲಿನ ಚರ್ಮ.

ತೆಗೆದ ಮೇಲೆ ಮುಗಿಯಿತು ಎಂದುಕೊಂಡಿದ್ದೆವು. ಹಾಗಲ್ಲವಂತೆ. ಸೆಲ್ ತೆಗೆದ ಮೇಲೂ ಗಾಯ ಒಳಗೊಳಗೇ ಬೆಳೆಯುತ್ತೆ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತಾಗಬಹುದು. ಪಕ್ಕದ ದೊಡ್ಡ ರಕ್ತನಾಳಕ್ಕೆ ತೂತು ಬಿದ್ದರೆ, ಎಷ್ಟೋ ದಿನ ಆದಮೇಲೆ ಮಗು ಇದ್ದಕ್ಕಿದ್ದಂತೆ ರಕ್ತ ಕಾರಿ ಹೋಗಿಬಿಡಬಹುದು. ಇದನ್ನು ಕೇಳಿಸಿಕೊಂಡ ಮೇಲೆ ಅಕ್ಕ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ. ನಮ್ಮ ಪುಣ್ಯ, ತೂತಾಗಲಿಲ್ಲ. ಆದರೆ ಗಾಯ ಮಾಯುವಾಗ ಅನ್ನನಾಳ ಕುಗ್ಗಿತು. ವಾರಗಟ್ಟಲೆ ಮೂಗಿನ ಟ್ಯೂಬಿನಲ್ಲಿ ಹಾಲು. ಈಗ ಆಗಾಗ ಕರೆದುಕೊಂಡು ಹೋಗಿ, ಮತ್ತೆ ಪ್ರಜ್ಞೆ ತಪ್ಪಿಸಿ, ಬಲೂನು ಹಾಕಿ ಹಿಗ್ಗಿಸುತ್ತಾರೆ. ಇನ್ನೂ ಎಷ್ಟು ಸಲ ಮಾಡಬೇಕೋ ಯಾರೂ ಹೇಳುತ್ತಿಲ್ಲ.

ಇಷ್ಟರ ಮೇಲೆ ನೆಂಟರು ಬಂದು ಕೇಳುವುದೇನು ಗೊತ್ತಾ? "ಮಗು ಕಡೆ ಸ್ವಲ್ಪ ಗಮನ ಇಡಬಾರದಿತ್ತಾ ನಿನಗೆ?" ಎಂದು ಅಕ್ಕನಿಗೆ. ಹಣ್ಣು ಹಿಡಿದುಕೊಂಡು ಮಗು ನೋಡಲು ಬಂದವರು, ತಾಯಿಯ ಮುಖಕ್ಕೇ ಈ ಮಾತು. ಫೋನ್ ನೋಡುತ್ತಾ ಕೂತಿದ್ದಳಾ ಎಂದು ನನ್ನ ಕಿವಿಗೆ ಬೀಳುವ ಹಾಗೇ ಒಬ್ಬರು ಕೇಳಿದರು. ಆ ಹೊತ್ತಿಗೆ ಅವಳು ಪೂಜೆಗೆ ತಯಾರಿ ಮಾಡುತ್ತಿದ್ದಳು. ಏನು ಕಾಣೆಯಾಗಿದೆ ಎಂದು ಕಂಡುಹಿಡಿದವಳು ಅವಳು. ಆಸ್ಪತ್ರೆಗೆ ಓಡಿದವಳು ಅವಳು. ಡಾಕ್ಟರಿಗೆ ಸರಿಯಾಗಿ ಹೇಳಿದವಳು ಅವಳೊಬ್ಬಳೇ. ಎಲ್ಲಾ ಸರಿ ಮಾಡಿದವಳ ತಲೆ ಮೇಲೆ ತಪ್ಪು ಹೊರಿಸುತ್ತೀರಲ್ಲ, ಸ್ಕ್ರೂ ಇಲ್ಲದ ಮುಚ್ಚಳ ಮಾಡಿ ಮಾರಿದವನನ್ನು ಒಬ್ಬರಾದರೂ ಬೈದಿದ್ದೀರಾ?

ಅವನ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಬ್ಯಾಟರಿ ಆಟಿಕೆಗಳಿಗೆ ಬೇರೆ ಮಾನದಂಡವೇ ಇದೆ. ಒಳ್ಳೆಯದು. ಆದರೆ ಹಣತೆ ಆಟಿಕೆಯಲ್ಲವಲ್ಲ! ಇಂಥ ಬಟನ್ ಸೆಲ್ ಹಾಕುವ ಟಿವಿ ಬಾಕ್ಸಿನ ಚಿಕ್ಕ ರಿಮೋಟ್, ಅಡುಗೆಮನೆ ತೂಕದ ಯಂತ್ರ, ಕಾರಿನ ಕೀ, ಜ್ವರ ನೋಡುವ ಥರ್ಮಾಮೀಟರ್, ಹಾಡು ಹೇಳುವ ಗ್ರೀಟಿಂಗ್ ಕಾರ್ಡ್, ಇವು ಯಾವುವೂ ಆಟಿಕೆಯಲ್ಲ. ಮಗುವಿಗೆ ಆ ವ್ಯತ್ಯಾಸ ಗೊತ್ತಾ? ಮಿನುಗುವ ದೀಪ ಕಂಡರೆ ಎರಡು ವರ್ಷದ ಮಗು ಮುಟ್ಟದೆ ಬಿಡುತ್ತಾ? ಜಾತ್ರೆಯಲ್ಲಿ ಗುಡ್ಡೆ ಹಾಕಿ ಮಾರುವ ಲೈಟಿನ ಆಟಿಕೆಗಳಲ್ಲೂ ಐಎಸ್‌ಐ ಗುರುತು ನನಗಂತೂ ಕಂಡಿಲ್ಲ.

ಬೇರೆ ದೇಶದವರು ಮಾಡಿದ್ದಾರೆ. ಅಮೆರಿಕದಲ್ಲಿ ರೀಸ್ ಎನ್ನುವ ಹದಿನೆಂಟು ತಿಂಗಳ ಮಗು ರಿಮೋಟಿನ ಬಟನ್ ಸೆಲ್ ನುಂಗಿ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಆ ತಾಯಿ ಹೋರಾಡಿದರು. 2022ರಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಬಂತು. ಆಟಿಕೆ ಒಂದೇ ಅಲ್ಲ, ಮನೆಯಲ್ಲಿ ಬಳಸುವ ಬಟನ್ ಸೆಲ್ ವಸ್ತುಗಳಿಗೆಲ್ಲಾ ಮಗು ತೆರೆಯಲಾಗದ ಮುಚ್ಚಳ, ಎಚ್ಚರಿಕೆ ಚೀಟಿ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ಅದೇ ವರ್ಷದ ಜೂನ್‌ನಿಂದ ಇಂಥದೇ ನಿಯಮ ಜಾರಿಯಲ್ಲಿದೆ. ಒಂದು ಸ್ಕ್ರೂ! ಅದಕ್ಕೆ ಎಷ್ಟು ಖರ್ಚಾಗುತ್ತೆ? ನಮ್ಮ ಮಕ್ಕಳ ಗಂಟಲು ಒಂದು ಸ್ಕ್ರೂಗಿಂತ ಅಗ್ಗವಾಯಿತಾ?

ಇನ್ನೊಂದು ಸಂಗತಿ ನೆನೆದರೆ ಹೊಟ್ಟೆ ಉರಿಯುತ್ತೆ. ಸೆಲ್ ನುಂಗಿ ಹನ್ನೆರಡು ಗಂಟೆ ಆಗಿಲ್ಲದಿದ್ದರೆ, ಮಗುವಿಗೆ ಒಂದು ವರ್ಷ ತುಂಬಿದ್ದು ನುಂಗಲು ಆಗುತ್ತಿದ್ದರೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬೇಕಂತೆ, ಆರು ಸಲದವರೆಗೆ. ಅದು ಸೆಲ್ ಮೇಲೆ ಹರಡಿ ಸುಡುವುದನ್ನು ನಿಧಾನ ಮಾಡುತ್ತೆ. ಜೇನು ತರಲು ಅಂಗಡಿಗೆ ಹೋಗಿ ತಡ ಮಾಡಬಾರದು, ಬೇರೇನೂ ತಿನ್ನಿಸಬಾರದು, ವಾಂತಿ ಮಾಡಿಸಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಇದು ನನಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ಅಕ್ಕನ ಮನೆಯಲ್ಲಿ ಜೇನಿನ ಬಾಟಲ್ ಅಡುಗೆಮನೆ ಗೂಡಿನಲ್ಲೇ ಇತ್ತು. ಪೋಲಿಯೋ ಹನಿಗೆ ಪೋಸ್ಟರ್ ಇದೆ, ಡೆಂಗಿಗೆ ಇದೆ, ಹಾವು ಕಡಿತಕ್ಕೂ ಇದೆ. ಇದಕ್ಕೆ ಒಂದು ಕನ್ನಡ ಪೋಸ್ಟರ್ ಯಾಕಿಲ್ಲ? ಅಂಗನವಾಡಿಯಲ್ಲಿ, ಲಸಿಕೆ ಹಾಕಿಸುವ ಜಾಗದಲ್ಲಿ, ಎಕ್ಸ್‌ರೇ ರೂಮಿನ ಬಾಗಿಲ ಮೇಲೆ ಒಂದೊಂದು ಅಂಟಿಸಲು ಏನು ಕಷ್ಟ?

ಮೂಗಿಗೆ, ಕಿವಿಗೆ ತುರುಕಿಕೊಂಡರೂ ಇದೇ ಕಥೆ. ಮೂಗಿನ ನಡುಗೋಡೆ ಕೆಲವೇ ಗಂಟೆಯಲ್ಲಿ ತೂತಾಗಬಹುದು. ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ, ನೇರ ಇಎನ್‌ಟಿ ಡಾಕ್ಟರ ಹತ್ತಿರ ಓಡಿ. ಅನುಮಾನ ಇದ್ದರೂ ಸಾಕು, ನುಂಗಿದ್ದನ್ನು ಕಣ್ಣಾರೆ ನೋಡಿರಬೇಕು ಅಂತಿಲ್ಲ. ಯಾರಾದರೂ "ಕಾಸು" ಎಂದರೆ "ಸೆಲ್ ಅಲ್ಲ ಅಂತ ಹೇಗೆ ಗೊತ್ತಾಯಿತು, ಪಕ್ಕದಿಂದಲೂ ಎಕ್ಸ್‌ರೇ ತೆಗೆಯಿರಿ" ಎಂದು ಕೇಳಿ. ಅವರು ಮುಖ ಗಂಟು ಹಾಕಿಕೊಂಡರೂ ಬಿಡಬೇಡಿ. ಅಕ್ಕ ಅಂಜಿ ಸುಮ್ಮನಾದಳು, ಯಾಕೆಂದರೆ ಡಾಕ್ಟರ ಎದುರು ಜೋರಾಗಿ ಮಾತಾಡಬಾರದು ಎಂದು ನಮಗೆಲ್ಲಾ ಕಲಿಸಿದ್ದಾರೆ. ಸಂಜೆ ಅದೇ ಹೊತ್ತಿಗೆ ಬೆಂಗಳೂರಿಗೆ ಕಳಿಸಿದ್ದರೆ ರಾತ್ರಿಯೊಳಗೆ ಸೆಲ್ ಹೊರಗಿರುತ್ತಿತ್ತು. ಗಾಯ ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರೇ ಹೇಳಿದರು.

ಆ ನರ್ಸಿಂಗ್ ಹೋಮ್‌ಗೆ ನಾನು ಮತ್ತೆ ಹೋಗಿದ್ದೆ. ಫಿಲ್ಮ್ ತೋರಿಸಿದೆ. "ಸಣ್ಣ ಊರಲ್ಲಿ ಎಲ್ಲಾ ಗೊತ್ತಾಗಲ್ಲ ಕಣ್ರೀ" ಎಂದರು. ಗೊತ್ತಾಗದಿದ್ದರೆ ರೆಫರ್ ಮಾಡಿ! ಗೊತ್ತಿಲ್ಲ ಎಂದು ಹೇಳಿದ್ದರೆ ನಾವು ಆವತ್ತೇ ರಾತ್ರಿ ಹೊರಟಿರುತ್ತಿದ್ದೆವು. ಗೊತ್ತಿಲ್ಲದೆ "ಏನೂ ಆಗಲ್ಲ" ಎಂದಿರಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ.

ದೀಪ ಕೊಂಡ ಅಂಗಡಿಗೂ ಹೋದೆ. ಅದೇ ದೀಪ ರಟ್ಟಿನ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಡಬ್ಬಿ ಮೇಲೆ ತಯಾರಿಸಿದವರ ವಿಳಾಸ ಇಲ್ಲ, ಎಚ್ಚರಿಕೆ ಇಲ್ಲ, ಕನ್ನಡದ ಒಂದು ಅಕ್ಷರವೂ ಇಲ್ಲ. ನಡೆದಿದ್ದನ್ನೆಲ್ಲಾ ಹೇಳಿದೆ. ಅಂಗಡಿಯವರು ಬೇಜಾರು ಮಾಡಿಕೊಂಡರು, ನಿಜ. ಆದರೆ "ನಮಗೆ ಹೋಲ್‌ಸೇಲ್‌ನಲ್ಲಿ ಹಿಂಗೇ ಬರುತ್ತೆ ಸಾರ್, ಇವತ್ತಿನವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂದರು. ಅಲ್ಲೇ ನಿಂತು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ದೀಪ ಇದ್ದರೆ ತಿರುಗಿಸಿ ನೋಡಿ. ಸ್ಕ್ರೂ ಇಲ್ಲದಿದ್ದರೆ ಸೆಲ್ ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ, ಆಮೇಲೆ ನೀವೂ ಒಂದು ದೂರು ಬರೆಸಿ. ಯಾರೂ ಕಂಪ್ಲೇಂಟ್ ಮಾಡಿಲ್ಲ ಎನ್ನುವ ಮಾತನ್ನು ಇನ್ನು ಯಾವ ಅಂಗಡಿಯವರೂ ಹೇಳಬಾರದು.