ನಡವಳಿಯಿಂದ ಕಾಣೆಯಾದ ಆಕ್ಷೇಪಣೆ

ನನ್ನ ಮೇಜಿನ ಮೇಲೆ ಎರಡು ಕಂತೆ ಕಾಗದಗಳಿವೆ. ಮಾಹಿತಿ ಹಕ್ಕಿನ ಅಡಿಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಪುಟಕ್ಕೆ ಎರಡು ರೂಪಾಯಿಯಂತೆ ಕೊಟ್ಟು, ನಮ್ಮೂರಿನ ಪುರಸಭೆಯಿಂದ ಪಡೆದ ನಡವಳಿಯ ನಕಲುಗಳು. ಒಂದು 2022ರ ಸಾಮಾನ್ಯ ಸಭೆಯದು, ಹನ್ನೊಂದು ಪುಟ. ಇನ್ನೊಂದು 2024ರ ಆರಂಭದ್ದು, ಅಧ್ಯಕ್ಷರಿಲ್ಲದೆ ಆಡಳಿತಾಧಿಕಾರಿಗಳು ಕೆಲಸ ನಡೆಸುತ್ತಿದ್ದ ಕಾಲದ್ದು, ಮೂರೇ ಪುಟ. ವಿಷಯಗಳು ಹೆಚ್ಚುಕಡಿಮೆ ಒಂದೇ. ಹಿಂದಿನ ತಿಂಗಳ ಜಮಾ ಖರ್ಚು, ಬೀದಿ ದೀಪದ ನಿರ್ವಹಣೆ, ಕೊಳವೆಬಾವಿಯ ಮೋಟಾರ್ ದುರಸ್ತಿ, ಸಂತೆ ಸುಂಕದ ಹರಾಜು.

ಹನ್ನೊಂದು ಪುಟದ ನಡವಳಿಯಲ್ಲಿ ಮೋಟಾರ್ ದುರಸ್ತಿಯ ವಿಷಯವೇ ಮುಕ್ಕಾಲು ಪುಟ ಹಿಡಿದಿದೆ. ಒಂದೇ ಕೊಳವೆಬಾವಿಯ ಮೋಟಾರ್ ರಿವೈಂಡಿಂಗ್‌ಗೆ ಒಂದೇ ವರ್ಷದಲ್ಲಿ ಮೂರು ಬಿಲ್ಲು ಬಂದಿರುವುದು ಏಕೆ ಎಂದು ಸದಸ್ಯೆಯೊಬ್ಬರು ಕೇಳಿದ್ದಾರೆ. ಮೋಟಾರ್ ಹಳೆಯದು, ಪದೇ ಪದೇ ಸುಡುತ್ತಿದೆ ಎಂದು ಕಿರಿಯ ಅಭಿಯಂತರರು ಉತ್ತರಿಸಿದ್ದಾರೆ. ಹಾಗಿದ್ದರೆ ಮೂರು ದುರಸ್ತಿಯ ದುಡ್ಡಿನಲ್ಲಿ ಹೊಸದನ್ನೇ ತರಬಹುದಿತ್ತಲ್ಲ ಎಂದು ಇನ್ನೊಬ್ಬ ಸದಸ್ಯರು ಆಕ್ಷೇಪಿಸಿದ್ದಾರೆ. ಕೊನೆಗೆ ಹೊಸ ಮೋಟಾರಿಗೆ ಅಂದಾಜು ಪಟ್ಟಿ ತಯಾರಿಸಲು ಠರಾವು ಆಗಿದೆ. ಮೂರು ಪುಟದ ನಡವಳಿಯಲ್ಲಿಯೂ ಮೋಟಾರ್ ದುರಸ್ತಿಯ ಬಿಲ್ಲುಗಳಿವೆ. ಅವುಗಳ ಮುಂದೆ ಬರೆದಿರುವುದು ಒಂದೇ ಸಾಲು: 'ಪರಿಶೀಲಿಸಲಾಯಿತು. ಕಚೇರಿ ಟಿಪ್ಪಣಿಯಂತೆ ಅನುಮೋದಿಸಲಾಗಿದೆ.'

ಆ ಬಿಲ್ಲುಗಳಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲದೆಯೂ ಇರಬಹುದು. ನನ್ನ ಸಂಕಟ ಬೇರೆ. ಎರಡನೆಯ ನಡವಳಿಯಲ್ಲಿ 'ಏಕೆ' ಎಂಬ ಪದ ಒಮ್ಮೆಯೂ ಬಂದಿಲ್ಲ. ಅದನ್ನು ಕೇಳಬೇಕಾದವರು ಆ ಕೊಠಡಿಯಲ್ಲಿಯೇ ಇರಲಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿದವಳು ನಾನು. ಸ್ಥಳೀಯ ಸಂಸ್ಥೆಗಳ ಅಧ್ಯಾಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಸಂವಿಧಾನದ 74ನೆಯ ತಿದ್ದುಪಡಿ, 1993ರ ಜೂನ್ 1ರಿಂದ ಜಾರಿ. ವಿಧಿ 243ಯು: ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಇಷ್ಟು ಬರೆದರೆ ಐದು ಅಂಕ. ನಿವೃತ್ತಿಯಾದ ಮೇಲೆ ಪುರಸಭೆಯ ಸಭೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರತೊಡಗಿದಾಗಲೇ ಆ ಸಾಲುಗಳ ಬೆಲೆ ನನಗೆ ತಿಳಿದದ್ದು.

ನಮ್ಮೂರಿನ ಕಥೆಯನ್ನೇ ಹೇಳುತ್ತೇನೆ. 2018ರ ಆಗಸ್ಟ್ 31ರಂದು ರಾಜ್ಯದ 105 ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಅವುಗಳಲ್ಲಿ ನಮ್ಮದೂ ಒಂದು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂತು, ಹಾರ ಹಾಕಿ ಮೆರವಣಿಗೆ ಮಾಡಿದೆವು. ಅದೇ ತಿಂಗಳು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೊರಟಿತು, ಬದಲಾಯಿತು, ನ್ಯಾಯಾಲಯಕ್ಕೆ ಹೋಯಿತು. ಪಟ್ಟಿ ಇತ್ಯರ್ಥವಾಗಿ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯಲ್ಲಿ. ಎರಡು ವರ್ಷ ಕಾಲ ಗೆದ್ದವರ ಕೈಯಲ್ಲಿ ಪ್ರಮಾಣಪತ್ರವಿತ್ತು, ಕೂರಲು ಕುರ್ಚಿ ಇರಲಿಲ್ಲ. ನನ್ನ ಶಿಷ್ಯನೊಬ್ಬ ಆ ಬಾರಿ ಗೆದ್ದಿದ್ದ. ದಾರಿಯಲ್ಲಿ ಸಿಕ್ಕಾಗಲೆಲ್ಲ "ಜನ ಬಯ್ಯುತ್ತಾರೆ ಮೇಡಂ, ಏನು ಹೇಳಲಿ? ನಾನು ಸದಸ್ಯ ಹೌದೋ ಅಲ್ಲವೋ ನನಗೇ ತಿಳಿಯದು" ಎನ್ನುತ್ತಿದ್ದ. ಕೋವಿಡ್ ಲಾಕ್‌ಡೌನ್ ಬಂದದ್ದು ಆ ಎರಡು ವರ್ಷಗಳಲ್ಲಿಯೇ. ಯಾವ ಬೀದಿಗೆ ದಿನಸಿ ತಲುಪಿಲ್ಲ, ಯಾವ ಮನೆಯಲ್ಲಿ ಒಂಟಿ ಮುದುಕರಿದ್ದಾರೆ ಎಂಬುದು ಬಾಯಿಪಾಠದಂತೆ ಗೊತ್ತಿದ್ದವರೆಲ್ಲ ಅಧಿಕಾರವಿಲ್ಲದೆ ಹೊರಗೆ ನಿಂತಿದ್ದರು.

ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಅದು 2023ರ ಮೇ ವೇಳೆಗೆ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಹದಿನೈದು ತಿಂಗಳು ಸದಸ್ಯರಿದ್ದರು, ಅಧ್ಯಕ್ಷರಿರಲಿಲ್ಲ. ನನ್ನ ಕೈಯಲ್ಲಿರುವ ಮೂರು ಪುಟದ ನಡವಳಿ ಆ ಕಾಲದ್ದು. ಮೊದಲ ಸಭೆಯ ದಿನದಿಂದ ಎಣಿಸಿದರೆ, 2025ರ ಕೊನೆಗೆ ನಮ್ಮ ಪುರಸಭೆಯ ಐದು ವರ್ಷವೂ ತುಂಬಿತು. ಮತ್ತೆ ಆಡಳಿತಾಧಿಕಾರಿ ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡ ದಿನದಿಂದ ಏಳು ವರ್ಷ ಕಳೆಯಿತು. ಅಧ್ಯಕ್ಷರ ಕುರ್ಚಿಯಲ್ಲಿ ನಾವು ಆರಿಸಿದವರಲ್ಲಿ ಒಬ್ಬರು ಕೂತದ್ದು ನಾಲ್ಕು ವರ್ಷವೂ ಪೂರ್ತಿ ಇಲ್ಲ.

ಇದು ಚಿಕ್ಕ ಊರಿನ ಹಣೆಬರಹ ಎಂದುಕೊಳ್ಳಬೇಡಿ. ಮೈಸೂರು ಮಹಾನಗರ ಪಾಲಿಕೆಗೆ 65 ವಾರ್ಡು. ಅಲ್ಲಿನ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಬೆಂಗಳೂರಿನದು ಇನ್ನೂ ದೊಡ್ಡ ಕಥೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಚುನಾವಣೆ ನಡೆಸಿ ಎಂದು ಹೈಕೋರ್ಟ್ ಆ ಡಿಸೆಂಬರಿನಲ್ಲಿ ಆದೇಶಿಸಿತು, ಅದಕ್ಕೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಹೊಸ ಕಾಯ್ದೆ, 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ. ನನ್ನ ತಂಗಿಯ ಮಗನಿಗೆ 2015ರಲ್ಲಿ ಹದಿನೇಳು ವರ್ಷ, ಮತದ ವಯಸ್ಸಾಗಿರಲಿಲ್ಲ. ಹತ್ತು ವರ್ಷ ಕಳೆದು, ಮದುವೆಯಾಗಿ, ಮನೆ ಕೊಂಡು, ಆಸ್ತಿ ತೆರಿಗೆ ಕಟ್ಟುತ್ತಿದ್ದವನು ಕಾರ್ಪೊರೇಟರ್‌ಗೆ ಒಂದು ಮತವನ್ನೂ ಹಾಕಿರಲಿಲ್ಲ.

ಇವೆಲ್ಲ ನ್ಯಾಯಾಲಯ ಬಾಯಿ ಬಿಟ್ಟು ಹೇಳದ ವಿಷಯಗಳೇನಲ್ಲ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಐದು ವರ್ಷದ ಗಡುವು ಕಡ್ಡಾಯ, ಸಾಮಾನ್ಯ ಆಡಳಿತಾತ್ಮಕ ನೆಪಗಳಿಗೆ ಚುನಾವಣೆ ನಿಲ್ಲಬಾರದು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿತು, ಕ್ಷೇತ್ರ ವಿಂಗಡಣೆ ಬಾಕಿಯಿದೆ ಎಂಬುದೂ ಕಾರಣವಾಗದು ಎಂದಿತು. ಶಾಸಕರ ಸ್ಥಾನವೊಂದು ತೆರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಮುಗಿಯುತ್ತದೆ. ಮಂತ್ರಿಗಳೆಲ್ಲ ಆ ಕ್ಷೇತ್ರಕ್ಕೆ ಬಂದು ಬೀಡು ಬಿಡುತ್ತಾರೆ. ಪುರಸಭೆಯ ಸದಸ್ಯರೆಲ್ಲರ ಸ್ಥಾನವೂ ಒಟ್ಟಿಗೆ ತೆರವಾದಾಗ ಯಾರಿಗೂ ಅವಸರವಿರುವುದಿಲ್ಲ. ಸದಸ್ಯರಿಲ್ಲದ ಊರಿನಲ್ಲಿ ಕಾಮಗಾರಿಯ ಮಾತೆಲ್ಲ ಶಾಸಕರ ಮನೆಯಲ್ಲಿಯೇ ಮುಗಿಯುತ್ತದೆ ಎಂಬುದಕ್ಕೂ ಈ ಸಾವಧಾನಕ್ಕೂ ಸಂಬಂಧವಿದೆ ಎಂದು ನಾನು ನಂಬುತ್ತೇನೆ. ಪಕ್ಷ ಯಾವುದಾದರೂ ಇದರಲ್ಲಿ ವ್ಯತ್ಯಾಸ ಕಂಡಿಲ್ಲ. ಮೇಲೆ ಹೇಳಿದ ವರ್ಷಗಳಲ್ಲಿ ರಾಜ್ಯದಲ್ಲಿ ಮೂರು ಪಕ್ಷಗಳ ಮುಖ್ಯಮಂತ್ರಿಗಳೂ ಆಗಿಹೋಗಿದ್ದಾರೆ.

ಒಬ್ಬ ಸದಸ್ಯರ ಸ್ಥಾನ ಖಾಲಿಯಾದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ನಮ್ಮ ವಾರ್ಡಿನ ಸದಸ್ಯರು ಅವಧಿಯ ನಡುವೆ ತೀರಿಕೊಂಡರು. ಅಂಥ ತೆರವಿಗೆ ಉಪಚುನಾವಣೆ ನಡೆಯಬೇಕು, ಗೆದ್ದವರು ಉಳಿದ ಅವಧಿಯನ್ನು ಪೂರೈಸಬೇಕು. ಅದು ನಡೆಯುವವರೆಗಿನ ತಿಂಗಳುಗಳಿವೆಯಲ್ಲ, ಅವನ್ನು ವಾರ್ಡಿನವರು ಮರೆಯುವುದಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ದೀಪ ಕೆಟ್ಟಿತ್ತು. ಕತ್ತಲೆಯಲ್ಲಿ ಮುದುಕಿಯೊಬ್ಬರು ಚರಂಡಿಯ ಕಲ್ಲಿಗೆ ಎಡವಿ ಬಿದ್ದು ಮುಂಗೈ ಮುರಿದುಕೊಂಡರು. ಪಕ್ಕದ ವಾರ್ಡಿನ ಸದಸ್ಯರ ಬಳಿ ಹೋದೆ. ಒಳ್ಳೆಯ ಮನುಷ್ಯ. "ನಾನು ಹೇಳಬಲ್ಲೆ ಮೇಡಂ, ಆದರೆ ನನ್ನ ವಾರ್ಡಿನ ದೀಪಗಳನ್ನೇ ಇನ್ನೂ ಹಾಕಿಲ್ಲ. ನಿಮ್ಮದನ್ನು ಕೇಳಿದರೆ ನಮ್ಮವರು ನನ್ನನ್ನು ಬಿಡುವುದಿಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಭೆಯಲ್ಲಿ ಪ್ರತಿ ಬೀದಿಗೂ ಒಬ್ಬ ಜಗಳಗಂಟ ಬೇಕು. ನಮ್ಮ ಬೀದಿಗೆ ಆಗ ಯಾರೂ ಇರಲಿಲ್ಲ.

ಆ ಸಭೆಗಳು ನೋಡಲು ಚೆಂದವೇನಲ್ಲ. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದರಿಂದ ಆರಂಭ. ಅಲ್ಲಿಯೇ ಅರ್ಧ ಗಂಟೆ ಗಲಾಟೆ: ನಾನು ಹೇಳಿದ್ದನ್ನು ಬರೆದಿಲ್ಲ, ಹೇಳದ್ದನ್ನು ಬರೆದಿದ್ದೀರಿ. ಒಮ್ಮೆ ನೀರಿನ ವಾಲ್ವ್ ತಿರುಗಿಸುವ ಸಮಯದ ಬಗ್ಗೆ ಒಂದೂವರೆ ಗಂಟೆ ಚರ್ಚೆಯಾಯಿತು. ನಮ್ಮ ಮೇಲಿನ ಬೀದಿ ದಿಣ್ಣೆಯ ಮೇಲಿದೆ. ಕೆಳಗಿನವರೆಲ್ಲ ಹಿಡಿದು ಮುಗಿದ ಮೇಲೆಯೇ ಅಲ್ಲಿಗೆ ನೀರು ಹತ್ತುವುದು. ಹಾಗಾಗಿ ಅವರ ಸರದಿ ಮೂರು ದಿನಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಗೆ. ಆ ವಾರ್ಡಿನ ಸದಸ್ಯೆ ತರಕಾರಿ ಮಾರುವವರು, ಮಹಿಳಾ ಮೀಸಲಿನಲ್ಲಿ ಗೆದ್ದು ಬಂದವರು. ಎದ್ದು ನಿಂತು ಕೇಳಿದರು: "ರಾತ್ರಿ ಎರಡಕ್ಕೆ ಎದ್ದು ನೀರು ಹಿಡಿದವಳು ಬೆಳಗ್ಗೆ ನಾಲ್ಕಕ್ಕೆ ಮಾರುಕಟ್ಟೆಗೆ ಹೋಗುವುದು ಹೇಗೆ? ನಿಮ್ಮ ಮನೆಯ ಹೆಂಗಸರನ್ನು ಒಂದು ದಿನ ಎಬ್ಬಿಸಿ ನೋಡಿ." ಮುಖ್ಯಾಧಿಕಾರಿಗಳು ನೀರು ಬಿಡುವ ನೌಕರನನ್ನು ಸಭೆಗೇ ಕರೆಸಿದರು. ಅವನು ನಿಂತಲ್ಲಿಯೇ ಕೈಬೆರಳು ಮಡಚುತ್ತಾ ಯಾವ ವಾಲ್ವ್ ಮೊದಲು, ಯಾವುದು ನಂತರ ಎಂದು ಲೆಕ್ಕ ಒಪ್ಪಿಸಿದ. ಸರದಿ ಬದಲಾಯಿತು. ಮೇಲಿನ ಬೀದಿಗೆ ಸಂಜೆ ಏಳಕ್ಕೆ ನೀರು ಬಂತು.

ಈಗ ಅದು ಮತ್ತೆ ರಾತ್ರಿ ಎರಡಕ್ಕೆ ಹೋಗಿದೆ. ಯಾರು ಬದಲಿಸಿದರು, ಏಕೆ ಬದಲಿಸಿದರು ಎಂದು ಕಚೇರಿಯಲ್ಲಿ ವಿಚಾರಿಸಿದೆ. ಯಾರಲ್ಲಿಯೂ ಉತ್ತರವಿಲ್ಲ. ಠರಾವೂ ಇಲ್ಲ.

"ಸದಸ್ಯರಿಲ್ಲದಿದ್ದರೇ ಚೆನ್ನ, ಅಧಿಕಾರಿಗಳಾದರೆ ಕೆಲಸ ಬೇಗ ಆಗುತ್ತದೆ" ಎಂದು ನನ್ನ ಸ್ನೇಹಿತರಲ್ಲಿಯೇ ಹಲವರು ಹೇಳುತ್ತಾರೆ. ಅವರ ಬೇಸರಕ್ಕೆ ಕಾರಣವಿದೆ. ಅಧ್ಯಕ್ಷರ ಚುನಾವಣೆಗೆ ಮೊದಲು ಸದಸ್ಯರನ್ನು ವಾಹನ ತುಂಬಿಸಿ ರೆಸಾರ್ಟಿಗೆ ಕರೆದೊಯ್ಯುವುದನ್ನು ನಾನೂ ಕಂಡಿದ್ದೇನೆ. ಹೆಂಡತಿಯ ಕುರ್ಚಿಯ ಪಕ್ಕದಲ್ಲಿ ಕೂತು ಸಹಿ ಮಾಡಿಸುವ ಗಂಡಂದಿರನ್ನೂ ಕಂಡಿದ್ದೇನೆ. ಕಾಮಗಾರಿಯಲ್ಲಿ ಪಾಲು ಕೇಳುವವರಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಂಥವರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸುವ ದಾರಿ ನಮ್ಮ ಕೈಯಲ್ಲಿದೆ. 2018ರಲ್ಲಿ ನಮ್ಮ ವಾರ್ಡಿನವರು ಹಾಗೆ ಒಬ್ಬರನ್ನು ಕಳುಹಿಸಿದ್ದೆವು.

ಆಡಳಿತಾಧಿಕಾರಿಗಳನ್ನು ದೂರಲು ನನಗೆ ಮನಸ್ಸಿಲ್ಲ. ಪುರಸಭೆಗೆ ಸಾಮಾನ್ಯವಾಗಿ ಆಡಳಿತಾಧಿಕಾರಿಗಳಾಗುವವರು ಉಪವಿಭಾಗಾಧಿಕಾರಿಗಳು. ಹಲವು ತಾಲ್ಲೂಕುಗಳ ಕಂದಾಯದ ಕೆಲಸ, ಭೂಮಿ ವ್ಯಾಜ್ಯಗಳ ವಿಚಾರಣೆ, ಮಳೆ ಬಂದರೆ ನೆರೆ, ಬಾರದಿದ್ದರೆ ಬರ, ಇವೆಲ್ಲವೂ ಅವರದೇ ಹೆಗಲಿನ ಮೇಲೆ. ಅದರ ನಡುವೆ ನಮ್ಮೂರಿನ ಕಡತಗಳಿಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಬರುತ್ತಾರೆ. ಮೇಲಿನ ಬೀದಿ ದಿಣ್ಣೆಯ ಮೇಲಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಕಡತ ಅದನ್ನು ಹೇಳುವುದಿಲ್ಲ. ಅವರು ಮಾಡಬೇಕಾದ ಕೆಲಸವೂ ಅದಲ್ಲ. ಕೆಲವು ತಿಂಗಳ ತುರ್ತಿಗೆ ಎಂದು ಮಾಡಿದ ಏರ್ಪಾಡಿನ ಮೇಲೆ ವರ್ಷಗಟ್ಟಲೆ ಭಾರ ಹೇರಿದವರು ಬೇರೆ.

ನನಗೆ ಅತಿ ನೋವಾಗುವುದು ಸಂತೆಯ ವಿಷಯದಲ್ಲಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಎಲ್ಲಿ ಕೂರಬೇಕು, ಎಲ್ಲಿಂದ ಏಳಬೇಕು ಎಂಬುದನ್ನು ಅವರನ್ನು ಕೇಳದೆ ತೀರ್ಮಾನಿಸುವಂತಿಲ್ಲ. ನಮ್ಮಲ್ಲಿ ಒಂದು ಬೆಳಗ್ಗೆ ಬಸ್ ನಿಲ್ದಾಣದ ಗೋಡೆಗೆ ನೋಟಿಸ್ ಅಂಟಿತು, ಮರುದಿನ ಸಂತೆಯ ಅರ್ಧ ಸಾಲು ಎದ್ದಿತು. ಆ ತರಕಾರಿಯ ಹೆಣ್ಣುಮಗಳು, ಮಾಜಿ ಸದಸ್ಯೆ, ತನ್ನ ತಕ್ಕಡಿ ಮತ್ತು ಬುಟ್ಟಿಯನ್ನು ಹಿಡಿದು ರಸ್ತೆಯ ಆಚೆ ಬದಿ ನಿಂತಿದ್ದರು. ಅವರ ಅವಧಿ ಮುಗಿಯದೇ ಇದ್ದಿದ್ದರೆ ಆ ನೋಟಿಸ್ ಮೊದಲು ಸಭೆಯ ವಿಷಯ ಪಟ್ಟಿಗೆ ಬರಬೇಕಿತ್ತು, ಮೊದಲ ಆಕ್ಷೇಪಣೆ ಅವರದೇ ಆಗಿರುತ್ತಿತ್ತು.

ದಾರಿ ಇಲ್ಲವೇ? ಇದೆ, ಪಕ್ಕದ ರಾಜ್ಯದಲ್ಲಿಯೇ ಇದೆ. ಕೇರಳದಲ್ಲಿ ವಾರ್ಡ್ ವಿಂಗಡಣೆ ಮಾಡುವುದು ರಾಜ್ಯ ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಆಯೋಗ. ಅಲ್ಲಿ 2015, 2020, 2025, ಐದೈದು ವರ್ಷಕ್ಕೆ ಸ್ಥಳೀಯ ಚುನಾವಣೆ ಬಂದಿದೆ. ಕೋವಿಡ್ ವರ್ಷದಲ್ಲಿಯೂ ಡಿಸೆಂಬರಿನಲ್ಲಿ ನಡೆಸಿದರು. ನಮ್ಮಲ್ಲಿ ವಿಂಗಡಣೆಯ ಕೀಲಿಯೂ ಮೀಸಲಾತಿ ಪಟ್ಟಿಯ ಕೀಲಿಯೂ ಸರ್ಕಾರದ ಜೇಬಿನಲ್ಲಿವೆ, ಚುನಾವಣಾ ಆಯೋಗ ಅದಕ್ಕಾಗಿ ಬಾಗಿಲಲ್ಲಿ ಕಾಯುತ್ತದೆ. ಆ ಎರಡನ್ನೂ ಆಯೋಗಕ್ಕೆ ಕೊಟ್ಟುಬಿಡಿ. ಅಧ್ಯಕ್ಷ ಸ್ಥಾನದ ಸರದಿಯನ್ನು ಎರಡೂ ಅವಧಿಗೆ ಸೇರಿಸಿ ಸದಸ್ಯರ ಚುನಾವಣೆಗೆ ಮೊದಲೇ ಪ್ರಕಟಿಸಿ. ತಕರಾರಿದ್ದವರು ಆಗಲೇ ನ್ಯಾಯಾಲಯಕ್ಕೆ ಹೋಗಲಿ. ಗೆದ್ದವರು ಪ್ರಮಾಣಪತ್ರ ಹಿಡಿದು ಎರಡು ವರ್ಷ ಕಾಯುವುದು ಬೇಡ.

ಅದು ಆಗುವವರೆಗೆ, ಆಡಳಿತಾಧಿಕಾರಿಗಳು ತಿಂಗಳಿಗೊಮ್ಮೆ ಕಡತಗಳಿಗೆ ಒಪ್ಪಿಗೆ ನೀಡುವ ಸಭೆಯನ್ನು ಊರಿನವರ ಮುಂದೆ ನಡೆಸಲಿ. ಬಾಗಿಲು ತೆರೆದಿಡಲಿ. ಜಮಾ ಖರ್ಚನ್ನು ಗಟ್ಟಿಯಾಗಿ ಓದಲಿ. ನಡವಳಿಯನ್ನು ಕಚೇರಿಯ ಗೋಡೆಗೆ ಹಚ್ಚಲಿ. ಅದನ್ನು ಓದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಂಗಳು ಕಾಯುವ ಸ್ಥಿತಿ ಬರಬಾರದು.

ಸೋಮವಾರ ಆಡಳಿತಾಧಿಕಾರಿಗಳು ಬರುತ್ತಾರೆ ಎಂದು ಕಚೇರಿಯಲ್ಲಿ ಹೇಳಿದ್ದಾರೆ. ನೀರಿನ ಸರದಿ ಬದಲಿಸಿದ 2022ರ ಠರಾವಿನ ನಕಲನ್ನು ತೆಗೆದಿಟ್ಟಿದ್ದೇನೆ. ಮೇಲಿನ ಬೀದಿಯ ಹದಿನೆಂಟು ಮನೆಗಳ ಸಹಿ ಆಗಿದೆ. ಅರ್ಜಿಯನ್ನು ಓದಿ ಹೇಳುವವಳು ನಾನಲ್ಲ, ಆ ಮಾಜಿ ಸದಸ್ಯೆಯೇ. ಬೆಳಗಿನ ವ್ಯಾಪಾರ ಮುಗಿಸಿಕೊಂಡು ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದಾರೆ. ನಮ್ಮೂರಿನವರು ಇದನ್ನು ಓದುತ್ತಿದ್ದರೆ, ಪುರಸಭೆಯ ಮೆಟ್ಟಿಲ ಬಳಿ ಹತ್ತೂವರೆಗೇ ಬನ್ನಿ. ಹಿಂದಿನ ಸಾಲಿನಲ್ಲಿ ಕೂರಲು ಜಾಗವಿದೆ.