ರಫಿಯನ್ ಹೆಸರಲ್ಲಿ ಛಲದ ಪಾಠ ಬೇಡ

ಬೆಳಿಗ್ಗೆ ಬೆಳಿಗ್ಗೆ ಒಂದು ರೀಲ್ಸ್ ನೋಡಿ ತಲೆ ಕೆಟ್ಟಿದೆ. ಕಡುಗಪ್ಪು ಕುದುರೆ ಓಡುತ್ತಿದೆ, ಹಿಂದೆ ಢಂ ಢಂ ಸಂಗೀತ, ಮೇಲೆ 'ಕಾಲು ಮುರಿದರೂ ಛಲ ಬಿಡಲಿಲ್ಲ' ಅನ್ನುವ ಬರಹ. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ನನ್ನ ಕುದುರೆ ಹುಚ್ಚು ನಿಮಗೆಲ್ಲ ಗೊತ್ತು. ಸುಮ್ನೆ ಇರಲು ಆಗಲಿಲ್ಲ.

ಅವಳು ರಫಿಯನ್. ಅಮೆರಿಕದ ಮೂರು ವರ್ಷದ ಹೆಣ್ಣು ಕುದುರೆ. ಹತ್ತು ರೇಸ್ ಓಡಿ ಹತ್ತನ್ನೂ ಗೆದ್ದವಳು. ಇನ್ನೇನು ಸಾಬೀತು ಮಾಡಬೇಕಿತ್ತು? ಆದರೆ ಅದು 1975. ಎರಡು ವರ್ಷದ ಹಿಂದಷ್ಟೇ ಟೆನಿಸ್‌ನಲ್ಲಿ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್, ಗಂಡು ಆಟಗಾರ ಬಾಬಿ ರಿಗ್ಸ್‌ನನ್ನು ಸೋಲಿಸಿದ್ದರು. ಜನರಿಗೆ ಆ ಗಂಡು-ಹೆಣ್ಣು ಪಂದ್ಯದ ರುಚಿ ಹತ್ತಿತ್ತು. ಸರಿ, ಅಮೆರಿಕದ ದೊಡ್ಡ ರೇಸ್ ಕೆಂಟಕಿ ಡರ್ಬಿಯನ್ನು ಆ ವರ್ಷ ಗೆದ್ದ ಗಂಡು ಕುದುರೆ ಫೂಲಿಷ್ ಪ್ಲೆಷರ್ ಜೊತೆ ಇವಳ ಜಿದ್ದಾಜಿದ್ದಿ, ಇಬ್ಬರದೇ ಓಟ. ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಬ್ಯಾಡ್ಜ್ ಬೇರೆ! ಪಾಪ, ಕುದುರೆಗಳಿಗೆ ಈ ಜಗಳದ ಸುದ್ದಿಯೇ ಇರಲಿಲ್ಲ.

ಜೂನ್ 21ಕ್ಕೆ ಒಂದೂವರೆ ಮೈಲಿಯ ಓಕ್ಸ್ ರೇಸ್ ಗೆದ್ದವಳನ್ನು ಜುಲೈ 6ಕ್ಕೆ ಮತ್ತೆ ನ್ಯೂಯಾರ್ಕಿನ ರೇಸ್ ಮೈದಾನ ಬೆಲ್ಮಾಂಟ್ ಪಾರ್ಕ್‌ನ ಗೇಟಿಗೆ ತಂದು ನಿಲ್ಲಿಸಿದರು. ಹತ್ತು ಕುದುರೆಗಳ ರೇಸಿನಲ್ಲಿ ಜಾಕಿ, ಅಂದರೆ ಸವಾರ, ಹಿಂದೆ ಇದ್ದು ದಮ್ಮು ಉಳಿಸಬಹುದು. ಇಬ್ಬರದೇ ಓಟದಲ್ಲಿ ಮುಂದೆ ಹೋದವರದೇ ಆಟ, ಗೇಟ್ ತೆರೆದಾಗಿಂದ ಪೂರ್ತಿ ವೇಗ. ಅವಳು ಮುಂದೆಯೇ ಇದ್ದಳು. ಅಷ್ಟರಲ್ಲಿ ಬಲ ಮುಂಗಾಲಿನ ಮೂಳೆ ಮುರಿಯಿತು. ಜಾಕಿ ಹಸಿಂಟೊ ವಾಸ್ಕೆಸ್ ಲಗಾಮು ಜಗ್ಗಿದರೂ ಅವಳು ತಕ್ಷಣ ನಿಲ್ಲಲಿಲ್ಲ. ಅದನ್ನೇ ಇವರು ಛಲ ಅನ್ನುತ್ತಿರುವುದು. ಓಡುವುದಕ್ಕೇ ಬೆಳೆಸಿದ ಪ್ರಾಣಿ ಸ್ವಾಮಿ, ಇನ್ನೇನು ಮಾಡೀತು?

1938ರಲ್ಲಿ ಪಿಮ್ಲಿಕೋ ಮೈದಾನದ ಇಂಥದ್ದೇ ಇಬ್ಬರ ಓಟದಲ್ಲಿ ಸೀಬಿಸ್ಕಿಟ್ ಅನ್ನುವ ಕುದುರೆ, ವಾರ್ ಅಡ್ಮಿರಲ್‌ನನ್ನು ನಾಲ್ಕು ಕುದುರೆಯುದ್ದದ ಅಂತರದಿಂದ ಸೋಲಿಸಲಿಲ್ಲವೇ, ಅಲ್ಲಿ ಯಾರ ಕಾಲೂ ಮುರಿಯಲಿಲ್ಲವಲ್ಲ ಅಂತ ಯಾರಾದರೂ ಬಂದೇ ಬರುತ್ತೀರಿ. ಹೌದು, ಮುರಿಯಲಿಲ್ಲ. ಅದೃಷ್ಟ. ಮುಂದೆ ಹೇಳಿ.

ರೀಲ್ಸ್‌ನಲ್ಲಿ ಇಲ್ಲದ ಭಾಗ ಕೇಳಿ. ಆಪರೇಷನ್ ಆಯಿತು. ಅರಿವಳಿಕೆ ಇಳಿದಾಗ ಅವಳು ಮಲಗಿದಲ್ಲೇ ರೇಸ್ ಓಡುವಂತೆ ಕಾಲು ಬಡಿದಳು. ಕಟ್ಟಿದ್ದ ಕಾಲು ಮತ್ತೆ ಹಾಳಾಯಿತು. ಕೊನೆಗೆ ಚುಚ್ಚುಮದ್ದು ಕೊಟ್ಟು ಸಾಯಿಸಿದರು. ಇದಕ್ಕೆ ಯಾವ ಢಂ ಢಂ ಸಂಗೀತ ಹಾಕುತ್ತೀರಿ?

ಇಷ್ಟೆಲ್ಲ ಕೂಗಾಡುವ ನಾನು ಆ ದಿನ ನ್ಯೂಯಾರ್ಕ್‌ನಲ್ಲಿ ಇದ್ದಿದ್ದರೆ ಹೆಣ್ಣಿನ ಕಡೆಯ ಬ್ಯಾಡ್ಜ್ ಚುಚ್ಚಿಕೊಂಡು, ಗಂಟಲು ಹರಿಯುವ ಹಾಗೆ ಅರಚುತ್ತಾ ಮುಂದಿನ ಸಾಲಿನಲ್ಲೇ ನಿಂತಿರುತ್ತಿದ್ದೆ. ಸಿಟ್ಟು ಜಾಸ್ತಿ ಆಗಿರುವುದು ಅದಕ್ಕೇ ಇರಬೇಕು.